ಮಕ್ಕಳ ಅಪಸ್ಮಾರ ಪತ್ತೆಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಇಜಿ ಸೌಲಭ್ಯ ಕೋರಿ ಮನವಿ

ಇವರಿಗೆ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಶಿವಮೊಗ್ಗ

ಇವರಿಂದ: ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಪೋಷಕರು

ಮಾನ್ಯರೇ,

ಅಪಸ್ಮಾರವಿರುವ ಮಕ್ಕಳೆಲ್ಲ ಬಿದ್ದು ಒದ್ದಾಡುವುದಿಲ್ಲ. ಪಾಠದ ನಡುವೆ ಹತ್ತು ಸೆಕೆಂಡು ಕಣ್ಣು ನೆಟ್ಟು, ಏನೂ ಆಗದಂತೆ ಮತ್ತೆ ಬರೆಯತೊಡಗುವ ಮಗುವಿಗೂ ಅದು ಇರಬಹುದು. ಶಾಲೆಯಲ್ಲಿ ಅಂಥ ಮಗುವಿಗೆ ‘ಪಾಠದ ಮೇಲೆ ಗಮನವಿಲ್ಲ’ ಎಂಬ ಹೆಸರು ಬರುತ್ತದೆ.

ಇದನ್ನು ಗುರುತಿಸಲು ನೆರವಾಗುವುದು ಇಇಜಿ. ತಲೆಯ ಮೇಲೆ ಅಂಟಿಸಿದ ಸುಮಾರು 20 ಎಲೆಕ್ಟ್ರೋಡ್‌ಗಳು ಮಿದುಳಿನ ವಿದ್ಯುತ್ ತರಂಗಗಳನ್ನು ದಾಖಲಿಸುತ್ತವೆ, ನೋವಿಲ್ಲ. ಮೂರು ನಿಮಿಷ ಜೋರಾಗಿ ಉಸಿರಾಡಿಸಿದಾಗ ಸೆಕೆಂಡಿಗೆ 3ರಂತೆ ಮೊನಚು-ಅಲೆ ಜೋಡಿಗಳು ಕಂಡರೆ, ಕಣ್ಣು ನೆಡುವುದರ ಕಾರಣ ಸಿಕ್ಕಂತೆ. ಬೇರೆ ಬಗೆಯ ಫಿಟ್ಸ್‌ಗೆ ಒಗ್ಗುವ ಕಾರ್ಬಮಜೆಪಿನ್ ಈ ಮಗುವಿನ ತೊಂದರೆಯನ್ನು ಹೆಚ್ಚಿಸಬಹುದು. ಬಗೆ ತಿಳಿದೇ ಔಷಧ ಕೊಡಬೇಕು.

ಇಇಜಿಗೆ ಮಿತಿಯೂ ಉಂಟು. ಅಪಸ್ಮಾರವಿದ್ದರೂ ವರದಿ ಸಹಜವಾಗಿರಬಹುದು. ತಲೆಗೆ ಬಿಸಿನೀರು ಹೊಯ್ದಾಗ ಬರುವ, ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ವರದಿಯಾದ ಬಿಸಿನೀರು ಅಪಸ್ಮಾರದಲ್ಲಿ ಹೀಗಾಗುವುದು ಸಾಮಾನ್ಯ. ಅಲ್ಲಿ ಬಚ್ಚಲಲ್ಲಿ ಏನಾಯಿತೆಂದು ಕಂಡವರು ಹೇಳುವ ಮಾತೇ ಮುಖ್ಯ. ಜ್ವರದೊಡನೆ ಬಂದುಹೋಗುವ ಸರಳ ಸೆಳೆತಕ್ಕೆ ಈ ಪರೀಕ್ಷೆ ಬೇಕಿಲ್ಲ.

ಕೆಲವು ಬಗೆಗಳಲ್ಲಿ ದೋಷ ಸ್ಪಷ್ಟವಾಗುವುದು ನಿದ್ದೆ ಹತ್ತಿದಾಗ. ಅದಕ್ಕೆಂದೇ ಮಗುವನ್ನು ರಾತ್ರಿ ತಡವಾಗಿ ಮಲಗಿಸಿ, ಬೇಗ ಎಬ್ಬಿಸಿ, ತಲೆಗೆ ಎಣ್ಣೆ ಹಚ್ಚದೆ ಕರೆತರಲು ಹೇಳುತ್ತಾರೆ. ತುಮರಿ, ನಿಟ್ಟೂರು, ಆಗುಂಬೆಗಳಿಂದ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೊರಟ ಮಗು ಆ ನಿದ್ದೆಯನ್ನು ಬಸ್ಸಿನಲ್ಲೇ ಮುಗಿಸಿಬಿಡುತ್ತದೆ. ದೂರವೇ ಪರೀಕ್ಷೆಯನ್ನು ಕೆಡಿಸುತ್ತದೆ.

ನಿಮ್ಹಾನ್ಸ್ ತಜ್ಞರು 2004ರಲ್ಲಿ ಪ್ರಕಟಿಸಿದ ಬೆಂಗಳೂರು ನಗರ-ಗ್ರಾಮಾಂತರ ಸಮೀಕ್ಷೆಯಲ್ಲಿ ಅಪಸ್ಮಾರದ ಪ್ರಮಾಣ ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಗಳಲ್ಲಿ 11.9. ಕಾಯಿಲೆ ಹಳ್ಳಿಯಲ್ಲಿ ಹೆಚ್ಚಿರುವಾಗ ಪರೀಕ್ಷೆಯೂ ಹಳ್ಳಿಗೆ ಹತ್ತಿರವಿರಬೇಕು.

ಬೇಡಿಕೆಗಳು:

1. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ನಿಗದಿತ ದಿನ ಉಚಿತ ಇಇಜಿ ನಡೆಯಬೇಕು. ಸಾಗಿಸಬಲ್ಲ ಒಂದು ಯಂತ್ರ, ತರಬೇತಾದ ಒಬ್ಬ ತಂತ್ರಜ್ಞ ಸರದಿಯಲ್ಲಿ ಮೂರೂ ಕಡೆಗೆ ಸಾಕು.

2. ದಾಖಲೆಯನ್ನು ಅಂತರ್ಜಾಲದ ಮೂಲಕ ನರರೋಗ ತಜ್ಞರಿಗೆ ಕಳುಹಿಸಿ, ಒಂದು ವಾರದೊಳಗೆ ವರದಿ ತರಿಸಬೇಕು. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮದಡಿ ಇದನ್ನು ಸೇರಿಸಬೇಕು.

3. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಶಾಲಾ ತಪಾಸಣೆಯಲ್ಲಿ ‘ಕಣ್ಣು ನೆಡುವ’ ಮಕ್ಕಳನ್ನೂ ಗುರುತಿಸಬೇಕು. ಸೆಳೆತವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸುವಂತೆ ಶಿಕ್ಷಕರಿಗೆ, ಆಶಾ ಕಾರ್ಯಕರ್ತೆಯರಿಗೆ ತಿಳಿಸಬೇಕು.

4. ಅಪಸ್ಮಾರದ ಔಷಧ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಳೆಗಾಲದಲ್ಲೂ ತಪ್ಪದೆ ಸಿಗಬೇಕು. ಮಾತ್ರೆ ತಪ್ಪಿದರೆ ಸೆಳೆತ ಮರುಕಳಿಸುತ್ತದೆ.

ಮುಂದಿನ ಮಳೆಗಾಲಕ್ಕೆ ಮುನ್ನ ಈ ಬೇಡಿಕೆಗಳನ್ನು ಈಡೇರಿಸಬೇಕೆಂದು ವಿನಂತಿ.