ವಾಕ್ ಚಿಕಿತ್ಸೆ ಕಲಿಯುವವರಿಗೆ ಕನ್ನಡವನ್ನೂ ಕಲಿಸಿ

ಪಿಯುಸಿ ಫಲಿತಾಂಶ ಬಂದ ಮೇಲೆ ಒಂದೆರಡು ತಿಂಗಳು ನನಗೆ ವಿದ್ಯಾರ್ಥಿಗಳ ತಂದೆತಾಯಿಗಳ ಫೋನ್ ಬರುತ್ತಲೇ ಇರುತ್ತದೆ. ‘ಮೆಡಿಕಲ್ ಸೀಟು ಸಿಗಲಿಲ್ಲ ಮೇಡಂ, ಮಗಳನ್ನ ನಿಮ್ಮ ಸ್ಪೀಚ್ ಥೆರಪಿಗೆ ಸೇರಿಸಬಹುದಾ? ಕೆಲಸ ಸಿಗುತ್ತಾ?’ ಎನ್ನುತ್ತಾರೆ. ಖಂಡಿತ ಸೇರಿಸಬಹುದು, ಕೆಲಸವೂ ಸಿಗುತ್ತದೆ. ನಾನು ತಿರುಗಿ ಕೇಳುವುದು ಬೇರೆ. ಅಜ್ಜಿಯ ಪಕ್ಕ ಕೂತು ಅರ್ಧ ಗಂಟೆ ಅವರ ಮಾತು ಕೇಳುವ ತಾಳ್ಮೆ ನಿಮ್ಮ ಮಗಳಿಗಿದೆಯೇ? ಊರಿನವರ ಕನ್ನಡ ಬರುತ್ತದೆಯೇ? ‘ಅವಳು ಇಂಗ್ಲಿಷ್ ಮೀಡಿಯಂ ಮೇಡಂ’ ಎಂದು ಕೆಲವರು ಹೆಮ್ಮೆಯಿಂದಲೇ ಉತ್ತರಿಸುತ್ತಾರೆ. ಈ ಓದಿಗೆ ಕನ್ನಡ ಬೇಕಾಗುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ನಾನು ಹಾಸನದಲ್ಲಿ ಕೆಲಸ ಮಾಡುವ ವಾಕ್ ಚಿಕಿತ್ಸಕಿ. ಇಂಟರ್ನ್‌ಶಿಪ್‌ಗೆ ಬರುವ ಹುಡುಗ ಹುಡುಗಿಯರಿಗೆ ಕಲಿಸುತ್ತೇನೆ. ಬುದ್ಧಿವಂತ ಮಕ್ಕಳು. ಪಿಯುಸಿಯಲ್ಲಿ ವಿಜ್ಞಾನ ಓದಿ ಶ್ರವಣ ಮತ್ತು ವಾಕ್ ಚಿಕಿತ್ಸೆ ಕಲಿಸುವ ಬಿಎಎಸ್‌ಎಲ್‌ಪಿ ಸೇರಿದವರು. ಅದು ನಾಲ್ಕು ವರ್ಷದ ಪದವಿ, ಮೂರು ವರ್ಷ ತರಗತಿ ಮತ್ತು ಕ್ಲಿನಿಕ್, ಕೊನೆಯ ವರ್ಷ ಇಂಟರ್ನ್‌ಶಿಪ್. ಗಂಟಲು, ಕಿವಿ, ಮೆದುಳಿನ ರಚನೆಯಿಂದ ಹಿಡಿದು ಧ್ವನಿಯ ಭೌತಶಾಸ್ತ್ರ, ಭಾಷಾವಿಜ್ಞಾನ, ಮನೋವಿಜ್ಞಾನದವರೆಗೆ ಓದಬೇಕು. ಮುಂದೆ ಎಂಎಸ್‌ಸಿ ಮಾಡುವವರಿಗೆ ಶ್ರವಣದ ದಾರಿ ಬೇರೆ, ವಾಕ್ ಮತ್ತು ಭಾಷೆಯ ದಾರಿ ಬೇರೆ. ಓದು ಮುಗಿದ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಲೇಬೇಕು. 1992ರ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ಈ ವೃತ್ತಿ ಮಾಡುವಂತಿಲ್ಲ. ಗಲ್ಲಿಗೊಂದು ‘ಥೆರಪಿ ಸೆಂಟರ್’ ತೆರೆದಿರುವ ಈ ದಿನಗಳಲ್ಲಿ ತಂದೆತಾಯಿಗಳು ಫೀಸು ಕಟ್ಟುವ ಮುಂಚೆ ಆ ನೋಂದಣಿ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಬೇಕು.

ಇಷ್ಟೆಲ್ಲ ಓದಿ ಬಂದ ಇಂಟರ್ನ್ ಒಬ್ಬಳ ಮುಂದೆ ಕೆ.ಆರ್. ಪೇಟೆ ಕಡೆಯ ಐದು ವರ್ಷದ ಹುಡುಗ ಕೂತಿದ್ದ. ಚಿತ್ರ ತೋರಿಸಿ ಹೆಸರು ಹೇಳಿಸುತ್ತಿದ್ದಳು. ಹಾಲಿನ ಲೋಟಕ್ಕೆ ‘ಆಲು’ ಎಂದ. ಹೂವಿಗೆ ‘ಊವು’. ಕಾಗೆಗೆ ‘ತಾದೆ’, ಕಣ್ಣಿಗೆ ‘ತಣ್ಣು’, ಬೆಕ್ಕಿಗೆ ‘ಬೆತ್ತು’. ಅವಳು ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ತಪ್ಪು ಎಂದು ಬರೆದುಕೊಂಡಳು. ನಾನು ಹುಡುಗನ ತಾಯಿಯನ್ನು ಮಾತಿಗೆ ಎಳೆದೆ. ‘ಬೆಳಗ್ಗೆ ಆಲು ಕುಡಿದು ಬಂದವ್ನೆ ಕಣಕ್ಕ, ಇನ್ನೇನೂ ತಿಂದಿಲ್ಲ’ ಎಂದರು. ‘ಆಲು’ ಎನ್ನುವುದು ಆ ಮನೆಯ, ಆ ಸೀಮೆಯ ಕನ್ನಡ. ಅದರಲ್ಲಿ ಚಿಕಿತ್ಸೆ ಕೊಡುವಂಥದ್ದು ಏನೂ ಇಲ್ಲ. ಆದರೆ ತಾಯಿ ‘ಕಾಗೆ’ ಎನ್ನುವಾಗ ಮಗ ‘ತಾದೆ’ ಎನ್ನುತ್ತಾನೆ. ನಾಲಿಗೆಯ ಹಿಂಭಾಗ ಎದ್ದು ಹೊರಡಬೇಕಾದ ಧ್ವನಿ ಅವನಲ್ಲಿ ನಾಲಿಗೆಯ ತುದಿಯಿಂದ ಬರುತ್ತಿದೆ. ಚಿಕಿತ್ಸೆ ಬೇಕಾಗಿರುವುದು ಅದಕ್ಕೆ.

ಆ ಚಿಕಿತ್ಸೆಗೂ ಕನ್ನಡವೇ ಬೇಕು. ಇಂಥ ತೊಂದರೆಗೆ ಒಂದೇ ಧ್ವನಿಯಷ್ಟೇ ವ್ಯತ್ಯಾಸವಿರುವ ಪದಗಳ ಜೋಡಿ ಬಳಸುತ್ತೇವೆ. ಇಂಗ್ಲಿಷ್ ಪುಸ್ತಕದಲ್ಲಿ ‘ಕೀ’, ‘ಟೀ’ ಇರುತ್ತದೆ. ಇಂಟರ್ನ್ ಅದನ್ನೇ ತಂದಿದ್ದಳು. ನಾನು ತೆಂಗಿನಕಾಯಿಯ ಚಿತ್ರವನ್ನೂ ಒಬ್ಬ ತಾಯಿಯ ಚಿತ್ರವನ್ನೂ ಮೇಜಿನ ಮೇಲಿಟ್ಟೆ. ಹುಡುಗನಿಗೆ ಬೇಕಾಗಿದ್ದುದು ಕಾಯಿ, ಬಾಯಲ್ಲಿ ಬಂದದ್ದು ‘ತಾಯಿ’. ತಾಯಿಯ ಚಿತ್ರ ಕೊಟ್ಟೆ. ಅವನು ಅದನ್ನು ತಳ್ಳಿ ಕಾಯಿಯತ್ತ ಬೆರಳು ತೋರಿಸಿ ಮತ್ತೆ ‘ತಾಯಿ’ ಎಂದ, ನಾನು ಮತ್ತೆ ಅದನ್ನೇ ಕೊಟ್ಟೆ. ಮುಖ ಗಂಟಿಕ್ಕಿಕೊಂಡು ನನ್ನ ಬಾಯಿಯನ್ನೇ ನೋಡತೊಡಗಿದ. ತನ್ನ ಮಾತಿನಲ್ಲಿ ಏನೋ ವ್ಯತ್ಯಾಸವಿದೆ ಎಂದು ಮಗು ಮೊದಲ ಬಾರಿ ಗಮನಿಸುವ ಗಳಿಗೆ ಅದು, ಥೆರಪಿ ಶುರುವಾಗುವುದೇ ಅಲ್ಲಿಂದ. ಕಲೆ, ತಲೆ. ಕಟ್ಟು, ತಟ್ಟು. ಇಂಥ ಜೋಡಿಗಳು ಕನ್ನಡದಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ, ಭಾಷೆ ಗೊತ್ತಿದ್ದವರಿಗೆ.

ದೊಡ್ಡವರ ವಿಷಯ ಇನ್ನೂ ಸೂಕ್ಷ್ಮ. ಪಾರ್ಶ್ವವಾಯು ಹೊಡೆದು ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಹಲವರಲ್ಲಿ ಭಾಷೆಯೇ ಕೈಕೊಡುತ್ತದೆ. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಬುದ್ಧಿ ಇರುತ್ತದೆ, ಹೇಳಬೇಕಾದ್ದು ಗೊತ್ತಿರುತ್ತದೆ, ಪದ ಒದಗುವುದಿಲ್ಲ. ಒಬ್ಬ ರೈತರಿಗೆ ಕುಡುಗೋಲಿನ ಚಿತ್ರ ತೋರಿಸಿದಾಗ ಬಹಳ ಹೊತ್ತು ಒದ್ದಾಡಿ ‘ಹುಲ್ಲು... ಕೊಯ್ಯೋದು’ ಎಂದರು. ‘ಕು...’ ಎಂದು ಮೊದಲ ಅಕ್ಷರ ಎತ್ತಿಕೊಟ್ಟೆ, ‘ಕುಡ್ಲು’ ಎಂದುಬಿಟ್ಟರು. ಮುಖ ಅರಳಿತು. ಆ ಪದ ಅವರೊಳಗೆ ಇತ್ತು. ಅದು ಸರಿಯುತ್ತರ ಎಂದು ಗೊತ್ತಾಗಲು ಎದುರು ಕೂತವರಿಗೆ ‘ಕುಡ್ಲು’ ಗೊತ್ತಿರಬೇಕು. ಹಾಗೆಯೇ, ಕನ್ನಡದಲ್ಲಿ ‘ನಿನ್ನೆ ಬಂದೆ’ ಎಂದರೆ ವಾಕ್ಯ ಪೂರ್ತಿ. ‘ನಾನು’ ಇಲ್ಲ ಎಂದು ಅಂಕ ಕಳೆಯುವಂತಿಲ್ಲ, ಕ್ರಿಯಾಪದದ ಕೊನೆಯೇ ಅದನ್ನು ಹೇಳುತ್ತದೆ. ‘ತೋಟ... ನೀರು... ಹೋದೆ’ ಎಂದಾಗ ಕಳೆದುಹೋಗಿರುವುದು ವಿಭಕ್ತಿ. ಅಲ್ಲಿ ಅಭ್ಯಾಸ ಮಾಡಿಸಬೇಕಾದದ್ದು ‘ತೋಟಕ್ಕೆ’. ಇಂಗ್ಲಿಷ್ ರೋಗಿಗಳನ್ನು ನೋಡಿ ಬರೆದ ಪುಸ್ತಕದಲ್ಲಿ ಇದು ಸಿಗುವುದಿಲ್ಲ.

ಕನ್ನಡದಲ್ಲಿ ಕೆಲಸವೇ ಆಗಿಲ್ಲ ಎನ್ನುತ್ತಿಲ್ಲ. ಭಾರತದಲ್ಲಿ ಈ ವಿದ್ಯೆ ಮೊದಮೊದಲು ಬೇರು ಬಿಟ್ಟ ಜಾಗಗಳಲ್ಲಿ ನಮ್ಮ ಮೈಸೂರೂ ಒಂದು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾಯಿತು. 1966ರಲ್ಲಿ ಅದರ ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಿದವರು ರಾಷ್ಟ್ರಪತಿ ರಾಧಾಕೃಷ್ಣನ್. ಕನ್ನಡ ಮಕ್ಕಳ ಉಚ್ಚಾರಣೆ ಅಳೆಯುವ ಪರೀಕ್ಷೆ 1972ರಷ್ಟು ಹಿಂದೆಯೇ ಸಿದ್ಧವಾಗಿತ್ತು. ಅದನ್ನು ರೂಪಿಸಿದವರಲ್ಲಿ ನಾಟಕಕಾರರಾಗಿ ಕನ್ನಡಿಗರಿಗೆ ಪರಿಚಿತರಾದ ನ. ರತ್ನ ಒಬ್ಬರು. ಅವರು ಈ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. ರಂಗದ ಮೇಲಿನ ಮಾತನ್ನು ಅಷ್ಟು ಚೆನ್ನಾಗಿ ಬಲ್ಲವರು ಮಾತು ಬಾರದವರ ನಡುವೆ ಕೆಲಸ ಮಾಡಿದ್ದು ನನಗೆ ಈಗಲೂ ಪ್ರೇರಣೆ. ಪ್ರತಿಭಾ ಕಾರಂತರು 1980ರಲ್ಲಿ ಭಾಷಾ ಸಾಮರ್ಥ್ಯ ಅಳೆಯುವ ಪರೀಕ್ಷೆ ಕೊಟ್ಟರು. ಅಫೇಸಿಯಾ ಪರೀಕ್ಷೆಗೆ ಕನ್ನಡದ ರೂಪವೂ ಇದೆ. ಸಾಧನಗಳಿವೆ. ಆದರೆ ಅವನ್ನು ಹಿಡಿಯುವ ವಿದ್ಯಾರ್ಥಿಗೆ ಕನ್ನಡದ ರಚನೆ, ಪ್ರಾದೇಶಿಕ ಭೇದಗಳನ್ನು ಕೂಡಿಸಿಕೊಂಡು ಪಾಠ ಮಾಡುವುದು ನಮ್ಮ ಬಹುತೇಕ ಕಾಲೇಜುಗಳಲ್ಲಿ ಕಾಣುವುದಿಲ್ಲ.

ನನಗೆ ನಿಜಕ್ಕೂ ಸಿಟ್ಟು ಬರುವುದು ಮನೆಗೆ ಕೊಟ್ಟು ಕಳಿಸುವ ಚೀಟಿಯ ವಿಷಯದಲ್ಲಿ. ಥೆರಪಿ ವಾರಕ್ಕೆ ಒಂದೋ ಎರಡೋ ಸಲ, ಮುಕ್ಕಾಲು ಗಂಟೆ. ಉಳಿದದ್ದೆಲ್ಲ ಮನೆಯಲ್ಲಿ, ತಾಯಿಯೋ ಅಜ್ಜಿಯೋ ಮಾಡಿಸಬೇಕು. ಬೇರೆಡೆ ತೋರಿಸಿ ಬಂದವರ ಫೈಲು ಬಿಚ್ಚಿದರೆ ಅಲ್ಲಿ ಅಚ್ಚುಕಟ್ಟಾಗಿ ಇಂಗ್ಲಿಷಿನಲ್ಲಿ ಟೈಪಾದ ಎರಡು ಪುಟ ಇರುತ್ತದೆ, ಯಾರೂ ಓದಿರುವುದಿಲ್ಲ. ನುಂಗುವ ತೊಂದರೆ ಇರುವವರ ವಿಷಯದಲ್ಲಿ ಇದು ಜೀವಕ್ಕೇ ಅಪಾಯ. ಪಾರ್ಶ್ವವಾಯುವಿನ ನಂತರ ತೆಳು ನೀರು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಅಂಥವರಲ್ಲಿ ಕೆಲವರಿಗೆ ದ್ರವವನ್ನು ಗಟ್ಟಿ ಮಾಡಿ ಕೊಡಬೇಕಾಗುತ್ತದೆ. ಎಷ್ಟು ಗಟ್ಟಿ ಎಂದು ಇಂಗ್ಲಿಷಿನ ಹಂತಗಳಲ್ಲಿ ಬರೆದರೆ ಮನೆಯಲ್ಲಿ ಆರೈಕೆ ಮಾಡುವ ಸೊಸೆಗೆ ಹೇಗೆ ತಿಳಿಯಬೇಕು? ನಾನು ಅವರ ಮುಂದೆಯೇ ರಾಗಿ ಅಂಬಲಿ ಕದಡಿ, ಚಮಚದಿಂದ ಇಳಿಸಿ ತೋರಿಸುತ್ತೇನೆ. ಹೀಗೆ ಇಳಿಯಬೇಕು, ನೀರಿನ ಹಾಗೆ ಸುರಿಯಬಾರದು, ಬೆನ್ನು ನೆಟ್ಟಗೆ ಕೂರಿಸಿ ಕೊಡಿ, ಕೊಟ್ಟ ಮೇಲೂ ಸ್ವಲ್ಪ ಹೊತ್ತು ಮಲಗಿಸಬೇಡಿ. ಅಷ್ಟನ್ನೂ ಕನ್ನಡದಲ್ಲಿ ಬರೆದುಕೊಡುತ್ತೇನೆ, ಓದು ಬಾರದವರಿಗೆ ಅವರ ಫೋನಿನಲ್ಲೇ ರೆಕಾರ್ಡ್ ಮಾಡಿಕೊಡುತ್ತೇನೆ.

ಮೂರು ವರ್ಷವಾದರೂ ಮಾತಾಡದ ಮಗುವಿಗೆ ಬಜೆ ತಿಕ್ಕುತ್ತಾ, ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಕಾಯುವ ಮನೆಗಳು ಇನ್ನೂ ಇವೆ. ಮಾತು ಬರಬೇಕಾದರೆ ಕಿವಿ ಕೇಳಬೇಕು, ಹಾಗಾಗಿ ಮೊದಲು ಮಾಡಿಸಬೇಕಾದದ್ದು ಕಿವಿಯ ಪರೀಕ್ಷೆ. ಹುಟ್ಟಿದ ಮಗು ನಿದ್ದೆಯಲ್ಲಿರುವಾಗಲೇ ಕಿವಿಗೊಂದು ಪುಟ್ಟ ಪ್ರೋಬ್ ಇಟ್ಟು ನೋಡಬಹುದು, ನೋವಿಲ್ಲ. ಈ ಮಾತನ್ನು ಅಜ್ಜಿಗೆ ಮನಸ್ಸು ನೋಯದಂತೆ ಹೇಳಲು ಬರುವ ಹುಡುಗಿ ಬೇಕು. ಅಂಥವಳು ಹೆಚ್ಚಾಗಿ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆ ಬಂದು, ಇಂಗ್ಲಿಷಿಗೆ ಹೆದರಿ ಹಿಂದೆ ಉಳಿದಿರುತ್ತಾಳೆ. ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಮೊದಲ ವರ್ಷದಲ್ಲಿ ಕಲಿಸಿಬಿಡಬಹುದು. ಅವಳು ಹುಟ್ಟಿನಿಂದ ಕೇಳಿಸಿಕೊಂಡ ಕನ್ನಡವನ್ನು ನಾಲ್ಕು ವರ್ಷದಲ್ಲಿ ಯಾರಿಗೂ ಕಲಿಸಲಾಗದು.

ರಾಜ್ಯದ ವಾಕ್ ಶ್ರವಣ ಕಾಲೇಜುಗಳು ಕನ್ನಡದ ಧ್ವನಿ ಮತ್ತು ವ್ಯಾಕರಣ ರಚನೆಯನ್ನು, ಮಂಡ್ಯ, ಧಾರವಾಡ, ಕಲಬುರಗಿ, ಕುಂದಾಪುರದ ಮಾತಿನ ರೆಕಾರ್ಡಿಂಗ್‌ಗಳನ್ನು ಕೇಳಿಸುತ್ತಾ, ಅಂಕಗಳಿರುವ ವಿಷಯವಾಗಿ ಪಾಠ ಮಾಡಲಿ. ಮನೆಯಲ್ಲಿ ತುಳು, ಕೊಂಕಣಿ, ಉರ್ದು ಆಡುವ ಮಕ್ಕಳನ್ನು ಹೇಗೆ ಪರೀಕ್ಷಿಸಬೇಕು ಎಂಬುದೂ ಅದರಲ್ಲಿರಲಿ. ಹೊರರಾಜ್ಯಗಳಿಂದ ಬರುವ ವಿದ್ಯಾರ್ಥಿಗಳು ಕ್ಲಿನಿಕ್‌ಗೆ ಕಾಲಿಡುವ ಮುಂಚೆ ಮಾತಾಡುವಷ್ಟು ಕನ್ನಡ ಕಲಿಯಲಿ, ಪ್ರಾಯೋಗಿಕ ಪರೀಕ್ಷೆಯಲ್ಲಿ ಒಬ್ಬ ರೋಗಿಯ ಮನೆಚೀಟಿಯನ್ನು ಎಲ್ಲರೂ ಕನ್ನಡದಲ್ಲಿ ಬರೆದು ತೋರಿಸಲಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಸರ್ಕಾರ ವಿದ್ಯಾರ್ಥಿವೇತನ ಕೊಟ್ಟು, ಓದು ಮುಗಿದ ಮೇಲೆ ಅವರ ತಾಲ್ಲೂಕು ಆಸ್ಪತ್ರೆಯಲ್ಲೇ ಕಾಯಂ ಹುದ್ದೆ ಸೃಷ್ಟಿಸಲಿ. ವಾರಕ್ಕೆರಡು ದಿನ ಕೂಲಿ ಬಿಟ್ಟು, ಮಗುವನ್ನು ಎತ್ತಿಕೊಂಡು ಮೂರು ಬಸ್ಸು ಬದಲಾಯಿಸಿ ಜಿಲ್ಲಾ ಕೇಂದ್ರಕ್ಕೆ ಬರುವ ತಾಯಂದಿರು ತಿಂಗಳೆರಡು ತಿಂಗಳಿಗೆ ಬರುವುದನ್ನೇ ನಿಲ್ಲಿಸುತ್ತಾರೆ. ಆ ಹುದ್ದೆ ಬೇಕಾಗಿರುವುದು ಅವರಿಗೆ.