ಮುಖ ಉರಿಯುತ್ತಿದೆಯೇ? ಮೊದಲು ಆ ಟ್ಯೂಬ್ ಕೆಳಗಿಡಿ

ಬೆಳಿಗ್ಗೆ ಮುಖ ತೊಳೆದು ಟವೆಲ್‌ನಲ್ಲಿ ಒರೆಸಿಕೊಂಡ ಐದೇ ನಿಮಿಷಕ್ಕೆ ಕೆನ್ನೆ ಬಿಗಿದುಕೊಂಡ ಹಾಗಾಗುತ್ತದೆಯೇ? ಮೂಗಿನ ಪಕ್ಕ ಹೊಟ್ಟು, ತುಟಿಯಂಚಲ್ಲಿ ಬಿರುಕು, ಪೌಡರ್ ಹಚ್ಚಿದರೆ ತೇಪೆ ತೇಪೆ? ಕಾರ್ತಿಕ ಕಳೆದು ಒಣಗಾಳಿ ಬೀಸೋಕೆ ಶುರುವಾಯಿತೆಂದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹೆಂಗಸರು ಸೇರಿದಲ್ಲೆಲ್ಲ ಇದೇ ಮಾತು.

ಇದಕ್ಕೆ ನಾವು ಮಾಡೋದೇನು? ಇನ್ನೊಂದು ಸಲ ಸೋಪು ಹಚ್ಚಿ ಉಜ್ಜೋದು. ಕಡಲೆಹಿಟ್ಟಿನಲ್ಲಿ ತಿಕ್ಕೋದು. ಯಾರೋ ಹೇಳಿದರು ಅಂತ ನಿಂಬೆರಸ ಸವರೋದು. ಅದೂ ಆಗಲಿಲ್ಲ ಅಂದರೆ ಮಗನನ್ನು ಮೆಡಿಕಲ್ ಸ್ಟೋರ್‌ಗೆ ಓಡಿಸಿ, "ಮುಖಕ್ಕೆ ಏನಾದ್ರೂ ಟ್ಯೂಬ್ ಕೊಡಿ ಅಂತ ಕೇಳು" ಅನ್ನೋದು. ನಾನು ಈ ವಾರ ಬರೆಯೋಕೆ ಕೂತಿದ್ದು ಆ ಟ್ಯೂಬಿನ ವಿಷಯಕ್ಕೇ.

ಮುಳಬಾಗಿಲಿನಲ್ಲಿರುವ ನನ್ನ ನಾದಿನಿಗೆ ಎರಡು ವರ್ಷದ ಹಿಂದೆ ಹೀಗೇ ಆಯಿತು. ಕೆನ್ನೆ ಒಣಗಿ ತುರಿಕೆ. ಅಂಗಡಿಯಲ್ಲಿ ಕೊಟ್ಟ ಟ್ಯೂಬ್ ಹಚ್ಚಿದಳು. ಎರಡೇ ದಿನಕ್ಕೆ ತುರಿಕೆ ಮಾಯ, ವಾರಕ್ಕೆ ಮುಖ ನುಣುಪು. "ಏನೇ, ಬೆಳ್ಳಗಾಗಿದೀಯ!" ಅಂತ ಓರಗಿತ್ತಿ ಕೇಳಿದ್ದೇ ತಡ, ಒಂದು ಟ್ಯೂಬ್ ಮೂರು ಮನೆ ಸುತ್ತಿತು. ಆರು ತಿಂಗಳು ಕಳೆಯಿತು. ಒಲೆ ಮುಂದೆ ನಿಂತರೂ ಮುಖ ಟೊಮೆಟೊ ಹಣ್ಣಿನಂತೆ ಕೆಂಪು. ಕೆನ್ನೆಯಲ್ಲಿ ಸಣ್ಣ ಸಣ್ಣ ರಕ್ತನಾಳ ದಾರದ ಹಾಗೆ ಕಾಣೋಕೆ ಶುರು. ಗಲ್ಲದ ಮೇಲೆ ಕೂದಲು. ಎರಡು ದಿನ ಹಚ್ಚದೇ ಬಿಟ್ಟರೆ ಮೆಣಸಿನಪುಡಿ ಎರಚಿದಂತೆ ಉರಿ, ಹಾಗಾಗಿ ಮತ್ತೆ ಹಚ್ಚೋದು. ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದು, "ಟ್ಯೂಬ್ ತಂದಿದ್ದೀರಾ?"

ಅದರಲ್ಲಿದ್ದದ್ದು ಸ್ಟೆರಾಯ್ಡ್. ಈ ಔಷಧಿ ಕೆಟ್ಟದ್ದಲ್ಲ, ಎಕ್ಸಿಮಾದಂಥ ಕಾಯಿಲೆಗೆ ಡಾಕ್ಟರ್ ಇಷ್ಟೇ ದಿನ, ಇಷ್ಟೇ ಪ್ರಮಾಣ ಅಂತ ಲೆಕ್ಕ ಹಾಕಿ ಕೊಟ್ಟರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಮುಖದ ಚರ್ಮ ತೆಳು. ಅಂಗೈ ಅಂಗಾಲಿಗೆ ಹಚ್ಚುವಂಥ ತೀಕ್ಷ್ಣ ಮುಲಾಮನ್ನು ತಿಂಗಳುಗಟ್ಟಲೆ ಕೆನ್ನೆಗೆ ಬಳಿದರೆ ಚರ್ಮ ಇನ್ನೂ ತೆಳುವಾಗುತ್ತಾ ಹೋಗುತ್ತದೆ. ಇಂಥ ಮುಖಕ್ಕೆ ನಮ್ಮ ದೇಶದ ಚರ್ಮತಜ್ಞರು 'ಸ್ಟೆರಾಯ್ಡ್‌ನಿಂದ ಹಾಳಾದ ಮುಖ' ಅಂತಲೇ ಹೆಸರಿಟ್ಟಿದ್ದಾರೆ! ದೇಶದ ಹಲವು ಆಸ್ಪತ್ರೆಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮುಖದ ಚರ್ಮದ ತೊಂದರೆಗೆಂದು ಬಂದ 2,926 ಮಂದಿಯಲ್ಲಿ 433 ಮಂದಿ ಇಂಥ ಮುಲಾಮು ಹಚ್ಚುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದನ್ನು ಹಚ್ಚಿ ಅಂತ ಹೇಳಿದ್ದು ಡಾಕ್ಟರೇ ಅಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಕಾನೂನು ಬಂತು ಸರಿ, ಕೇಳಿದರೆ ಕೊಡೋರು ಇದ್ದೇ ಇದ್ದಾರೆ. ಕೇಳೋರು ನಾವೇ ತಾನೇ?

ಈಗಲೇ ಎದ್ದು ಹೋಗಿ ಕನ್ನಡಿ ಹತ್ತಿರ ಇಟ್ಟಿರೋ ಟ್ಯೂಬ್ ತಿರುಗಿಸಿ ನೋಡಿ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಫ್ಲುಯೊಸಿನೊಲೋನ್ – ಈ ಪೈಕಿ ಯಾವ ಹೆಸರಿದ್ದರೂ ಅದು ಸ್ಟೆರಾಯ್ಡ್. ಬಂಗಿಗೆ ಅಂತ ಕೊಡುವ ಕೆಲವು ಕ್ರೀಮುಗಳಲ್ಲೂ ಇದು ಬೆರೆತಿರುತ್ತದೆ. ತಿಂಗಳುಗಳಿಂದ ಹಚ್ಚುತ್ತಿದ್ದರೆ ಗಾಬರಿಯಾಗಿ ಒಮ್ಮೆಲೇ ಬಿಸಾಡಬೇಡಿ, ಉರಿ ಹೆಚ್ಚಾಗಬಹುದು. ಟ್ಯೂಬ್ ಸಮೇತ ಡಾಕ್ಟರ್ ಹತ್ತಿರ ಹೋಗಿ, ನಾಚಿಕೆಪಡದೆ ಎಷ್ಟು ದಿನದಿಂದ ಹಚ್ಚಿದ್ದೀರೋ ಹೇಳಿ. ಬಿಟ್ಟಾಗ ಉರಿಯೋದು ಆ ಕ್ರೀಮ್ ನಿಮಗೆ ಬೇಕು ಅನ್ನೋದರ ಗುರುತಲ್ಲ, ಚರ್ಮ ಅದಕ್ಕೆ ಅಂಟಿಕೊಂಡಿದೆ ಅನ್ನೋದರ ಗುರುತು.

ಸರಿ, ಹಾಗಾದರೆ ಮುಖ ಒಣಗೋದು ಯಾಕೆ? ಗಾಳಿ ಒಂದು ಕಾರಣ. ಇನ್ನೊಂದು ನಮ್ಮ ಬಚ್ಚಲುಮನೆಯಲ್ಲೇ ಇದೆ. ಯರಗೋಳು ಅಣೆಕಟ್ಟೆಯ ನೀರು 2023ರಲ್ಲಿ ಬಂತು ನಿಜ, ಆದರೂ ನಮ್ಮಲ್ಲಿ ಎಷ್ಟೋ ಮನೆಗಳ ಸ್ನಾನಕ್ಕೆ ಇವತ್ತಿಗೂ ಬೋರ್‌ವೆಲ್ ನೀರೇ, ಇಲ್ಲವಾದರೆ ಟ್ಯಾಂಕರ್ ನೀರು. ನಾವು 'ಉಪ್ಪು ನೀರು' ಅಂತೀವಲ್ಲ, ಅದೇ ಗಡಸು ನೀರು. ಬಕೆಟ್ ಅಂಚಿನಲ್ಲಿ, ಗೀಸರ್ ಕಾಯಿಲ್ ಮೇಲೆ ಬೆಳ್ಳಗೆ ಗಟ್ಟಿಯಾಗಿ ಕೂರುತ್ತಲ್ಲ, ಆ ಸುಣ್ಣದಂಶ ಸೋಪಿನ ಜತೆ ಸೇರಿ ಜಿಗುಟು ಕೆಸರಾಗಿ ಚರ್ಮದ ಮೇಲೂ ಉಳಿಯುತ್ತದೆ. ನೊರೆ ಬರಲಿಲ್ಲ ಅಂತ ನಾವು ಮತ್ತಷ್ಟು ಸೋಪು ಉಜ್ಜುತ್ತೇವೆ. ನೋಡಬೇಕಾದರೆ ಒಂದು ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಮೈ ಸೋಪಿನ ಸಣ್ಣ ಚೂರು ಹಾಕಿ ಅಲ್ಲಾಡಿಸಿ. ನೊರೆ ಏಳದೆ ನೀರು ಹಾಲಿನಂತೆ ಕದಡಿ ತೆಪ್ಪೆ ಕಟ್ಟಿದರೆ ನಿಮ್ಮದು ಗಡಸು ನೀರು.

ಹಾಗಂತ ಸಾವಿರಾರು ರೂಪಾಯಿ ಕೊಟ್ಟು ನೀರು ಮೆದು ಮಾಡುವ ಯಂತ್ರ ತರಲು ಯಜಮಾನರ ಬೆನ್ನು ಹತ್ತಬೇಡಿ. ಇಂಗ್ಲೆಂಡಿನಲ್ಲಿ ಎಕ್ಸಿಮಾ ಇದ್ದ 336 ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ ನೋಡಿದರು. ಯಂತ್ರ ಹಾಕಿದ ಮನೆ, ಹಾಕದ ಮನೆ ಎರಡರಲ್ಲೂ ಮಕ್ಕಳ ಚರ್ಮದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಅಂತ 2011ರಲ್ಲಿ ವರದಿ ಬಂತು. ಸೋಪು ಕಡಿಮೆ ಮಾಡೋದಕ್ಕೆ ದುಡ್ಡು ಬೇಡ, ಅದರಿಂದ ಶುರು ಮಾಡಿ.

ಚರ್ಮ ಸ್ವಭಾವತಃ ಸ್ವಲ್ಪ ಹುಳಿಯ ಗುಣದ್ದು, ಸೋಪು ಕ್ಷಾರ. ಒಣಗಿದ ಮುಖಕ್ಕೆ ದಿನಕ್ಕೆ ಒಂದು ಸಲ, ರಾತ್ರಿ ಹೊತ್ತು, ಸೋಪಿಲ್ಲದ ಫೇಸ್‌ವಾಶ್ ಸಾಕು. ಬೆಳಿಗ್ಗೆ ಬರೀ ನೀರು. ಅದೂ ಹಂಡೆಯ ಸುಡುನೀರಲ್ಲ, ಉಗುರುಬೆಚ್ಚಗೆ. ಮಳೆ ನೀರು ಹಿಡಿದಿಟ್ಟಿದ್ದರೆ ಮುಖಕ್ಕೆ ಅದರಷ್ಟು ಹಿತ ಬೇರೊಂದಿಲ್ಲ. ಟವೆಲ್‌ನಿಂದ ತಿಕ್ಕದೆ ಒತ್ತಿಕೊಳ್ಳಿ. ಮುಖದಲ್ಲಿ ಇನ್ನೂ ಪಸೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಗುಟ್ಟೆಲ್ಲ ಇಲ್ಲೇ ಇರೋದು, ಒಣಗಿದ ಮೇಲೆ ಹಚ್ಚಿದರೆ ಅಷ್ಟು ಉಪಯೋಗವಿಲ್ಲ. ಬೆಲೆ ಮುಖ್ಯವಲ್ಲ, ಸುವಾಸನೆ ಇಲ್ಲದ್ದನ್ನು ಆರಿಸಿ. ತುಟಿಗೆ, ಮೂಗಿನ ಪಕ್ಕಕ್ಕೆ ಪೆಟ್ರೋಲಿಯಂ ಜೆಲ್ಲಿ ಸಾಕು. ಕೊಬ್ಬರಿ ಎಣ್ಣೆಯೂ ಆದೀತು, ಮೊಡವೆ ಏಳುವವರು ಮಾತ್ರ ಬೇಡ. ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ, ನಿಂಬೆರಸ ಮೂರಕ್ಕೂ ಚಳಿಗಾಲ ಕಳೆಯುವ ತನಕ ರಜೆ ಕೊಡಿ. ಅಜ್ಜಿ ಕಾಲದ್ದು ಅಂತ ಬೇಜಾರು ಮಾಡಿಕೊಳ್ಳಬೇಡಿ, ಅಜ್ಜಿ ಅದನ್ನು ಎಣ್ಣೆ ನೀರು ಹಾಕಿಕೊಂಡ ದಿನ ಹಚ್ಚುತ್ತಿದ್ದರೇ ಹೊರತು ಒಣ ಮುಖಕ್ಕಲ್ಲ.

ಎಲ್ಲ ಕೆಂಪೂ ಒಣಚರ್ಮವಲ್ಲ, ಇದು ನೆನಪಿರಲಿ. ಹುಬ್ಬಿನ ನಡುವೆ ಮಾತ್ರ ತುರಿಕೆಯಿದ್ದರೆ ಸ್ಟಿಕ್ಕರ್ ಬಿಂದಿಯ ಅಂಟನ್ನು ಅನುಮಾನಿಸಿ. ಕೆಲವರಿಗೆ ಆ ಜಾಗ ಬೆಳ್ಳಗೂ ಆಗುತ್ತದೆ. ಮೇ ತಿಂಗಳಲ್ಲಿ ಬಾಯಿ ಸುತ್ತ ಗುಳ್ಳೆಯೆದ್ದರೆ ಅದು ಮಾವಿನ ಸೊನೆ. ಶ್ರೀನಿವಾಸಪುರದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ! ಉಪ್ಪಿನಕಾಯಿಗೆ ಹೋಳು ಹೆಚ್ಚಿದ ಕೈಯಲ್ಲಿ ಮುಖ ಮುಟ್ಟಬೇಡಿ, ತೊಟ್ಟು ತೆಗೆದು ಕಾಯಿ ತೊಳೆದ ಮೇಲೆ ಹೆಚ್ಚಿ. ಮುಖದ ಜತೆ ಮೈಯೆಲ್ಲ ಒಣಗಿ, ಕೂದಲುದುರಿ, ಸುಸ್ತಾಗಿ, ತೂಕ ಏರುತ್ತಿದ್ದರೆ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ, ಕ್ರೀಮು ಆ ಕೆಲಸ ಮಾಡೋದಿಲ್ಲ. ಬಿಸಿಲಿಗೆ ಹೋದರೆ ಎರಡೂ ಕೆನ್ನೆ ಕೆಂಪಾಗಿ ಕೀಲುನೋವೂ ಇದ್ದರೆ, ಮಚ್ಚೆಯ ಜಾಗ ಬಿಳಿಚಿಕೊಂಡು ಸ್ಪರ್ಶ ತಿಳಿಯದೇ ಹೋದರೆ, ರೆಪ್ಪೆ ಊದಿ ನೀರು ಸೋರಿದರೆ ತಡಮಾಡಬೇಡಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಅಡುಗೆ ಮುಗಿಸಿ ಬಸ್ಸು ಹತ್ತಿದರೆ ಮಕ್ಕಳು ಸ್ಕೂಲಿನಿಂದ ಬರೋ ಹೊತ್ತಿಗೆ ವಾಪಸ್ ಬರಬಹುದು.

ನಾದಿನಿಯ ವಿಷಯ ಅರ್ಧಕ್ಕೇ ಬಿಟ್ಟೆ. ಕೆಂಪು ಇಳಿಯೋಕೆ ಅವಳಿಗೆ ಎಂಟು ತಿಂಗಳು ಹಿಡಿಯಿತು. ಗಲ್ಲದ ಕೂದಲು ಹೋಯಿತು, ಕೆನ್ನೆಯ ನಾಳಗಳು ಇನ್ನೂ ಸ್ವಲ್ಪ ಕಾಣುತ್ತವೆ. ಟ್ಯೂಬ್ ಇಸ್ಕೊಂಡು ಹೋದ ಇನ್ನೆರಡು ಮನೆಗಳಿಗೂ ಅವಳೇ ಹೋಗಿ ಹೇಳಿ ಬಂದಿದ್ದಾಳೆ. ಒಬ್ಬಾಕೆ ಬಿಟ್ಟಿದ್ದಾರೆ. ಇನ್ನೊಬ್ಬಾಕೆ, "ಮಗಳ ಮದುವೆ ಮುಗೀಲಿ" ಅಂದರಂತೆ.