ಸಾಲಕ್ಕೆ ರಜೆ, ಬಡ್ಡಿಗೆ ರಜೆಯಿಲ್ಲ!



ಮಕ್ಕಳ ಕಾಲೇಜು ಸಾಲಕ್ಕೆಂದು ಬ್ಯಾಂಕಿಗೆ ಹೋದರೆ, "ಓದು ಮುಗಿದು ಒಂದು ವರ್ಷದವರೆಗೆ ಏನೂ ಕಟ್ಟಬೇಕಾಗಿಲ್ಲ" ಎನ್ನುತ್ತಾರೆ. ನಾವು ಹಿಗ್ಗಿ ಸಹಿ ಹಾಕುತ್ತೇವೆ. ಅಷ್ಟು ದಿನವೂ ಬಡ್ಡಿ ಬೆಳೆಯುತ್ತಲೇ ಇರುತ್ತದೆಂಬುದನ್ನು ಅವರು ಹೇಳುವುದಿಲ್ಲ, ನಾವು ಕೇಳುವುದಿಲ್ಲ.

ಮನೆಯ ವರಮಾನ ವರ್ಷಕ್ಕೆ 4.5 ಲಕ್ಷ ರೂಪಾಯಿ ಮೀರದಿದ್ದರೆ, ಮಾನ್ಯತೆ ಪಡೆದ ಕಾಲೇಜಿನ ತಾಂತ್ರಿಕ ಮತ್ತು ವೃತ್ತಿ ಶಿಕ್ಷಣಕ್ಕೆ ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಕೊಡುವ ಯೋಜನೆ 2009ರಿಂದ ಇದೆ. ಆದರೆ ಅದಕ್ಕೆ ವರಮಾನದ ಸರ್ಟಿಫಿಕೇಟು ಬೇಕು. ಗಲ್ಲಾದ ಮುಂದೆ ಕೈಯೊಡ್ಡಿ ಸಂಬಳ ಪಡೆಯುವ ನಮಗೆ ಚೀಟಿ ಕೊಟ್ಟ ಮಾಲೀಕರೆಷ್ಟು ಮಂದಿ? ಬಡವನೆಂದು ರುಜುವಾತು ಮಾಡಲು ಬಡವನೇ ಕೂಲಿ ಕಳೆದುಕೊಂಡು ತಹಸೀಲ್ದಾರರ ಕಚೇರಿಗೆ ಅಲೆಯಬೇಕು! ಹುಡುಗ ಓದನ್ನು ನಡುವೆ ಬಿಟ್ಟರಂತೂ, ಕಾಯಿಲೆಯ ಕಾರಣವಿಲ್ಲದಿದ್ದರೆ, ಆ ನೆರವೂ ಇಲ್ಲ.

ಇನ್ನೊಂದು ಮಾತು. 4 ಲಕ್ಷದವರೆಗಿನ ಸಾಲಕ್ಕೆ ಅಡವು ಕೇಳಕೂಡದೆಂದು ನಿಯಮವಿದೆ. ಮನೆಪತ್ರ ಕೇಳಿದರೆ, "ಬರೆದು ಕೊಡಿ" ಎನ್ನಿರಿ.

1963ರಲ್ಲಿ ಇದೇ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆ ಬಡ್ಡಿಯಿಲ್ಲದ ಸಾಲದ ಯೋಜನೆ ತಂದಿತ್ತು. ಅಂದು ಆದದ್ದು ಇಂದು ಏಕಾಗದು?

ಸಂಬಳದ ಚೀಟಿಗೆ ಒಟ್ಟಾಗಿ ಒತ್ತಾಯಿಸೋಣ. ಒಬ್ಬರೇ ಹೋಗಿ ಸಹಿ ಹಾಕಬೇಡಿ. ಕಾಗದ ಹಿಡಿದು ಸಂಘಕ್ಕೆ ಬನ್ನಿ, ಕೂಡಿ ಓದೋಣ.